ಸೆರಗಿನ ನೂಲು

"ಮಗಳ ಮದುವಿ ಸೀರಿ ನಮ್ಮ ಮಗ್ಗದ್ದೇ ಆಗಬೇಕ್ರಿ, ಗಿರಣಿ ಅರಿವಿ ಬ್ಯಾಡ" ಎಂದು ಹೆಂಡತಿ ಬಸಲಿಂಗಮ್ಮ ಸಾಯುವ ಮುಂಚೆ ಕೇಳಿದ್ದಳು. ನಾನೇ ನೇಯ್ದು ಉಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಹತ್ತು ವರ್ಷದ ಮೇಲೆ ವೀರಬಸಮ್ಮನ ಮದುವೆ ಗೊತ್ತಾದಾಗ ಮಹಾಯುದ್ಧ ನಡೆದು ಎಲ್ಲೆಡೆ ನೂಲಿಗೆ ಬರ ಬಿದ್ದಿತ್ತು. ಗೋನೆಗಂಡ್ಲದಿಂದ ಆದವಾನಿಯವರೆಗೆ ತಿರುಗಿದರೂ ನೂಲು ಸಿಗಲಿಲ್ಲ. ಇದ್ದ ನೂಲಿನಲ್ಲಿ ಸೀರೆಯ ಒಡಲು ಮುಗಿಸಿದೆ, ಸೆರಗು ಉಳಿಯಿತು. ಮದುವೆಗೆ ನಾಲ್ಕೇ ದಿನ.

ಬೆಳಿಗ್ಗೆ ಮಗ್ಗದ ಗುಂಡಿಗೆ ಕಾಲಿಳಿಸಿದರೆ, ಬೇಸಿಗೆಯಲ್ಲೂ ತಣ್ಣಗಿತ್ತು. ಬುಟ್ಟಿಯಲ್ಲಿ ಲಾಳಿಗೆ ಹಾಕುವ ಕಂಡಿಕೆಗಳಿದ್ದವು, ರಾತ್ರಿ ಬರಿದಾಗಿದ್ದವು. ಈಗ ಅವಕ್ಕೆಲ್ಲ ನೂಲು ಸುತ್ತಿಕೊಂಡಿತ್ತು, ಒದ್ದೆಯಾಗಿತ್ತು.

"ಅಪ್ಪಾ, ಕಂಡಿಕಿ ಯಾವಾಗ ಸುತ್ತಿದಿ? ನಿನ್ನ ಕೈಯಾಗ ಇಷ್ಟು ನೆಟ್ಟಗ ಎಂದೂ ಬಂದಿಲ್ಲ ಬಿಡು" ಎಂದು ಮಗಳು ನಕ್ಕಳು.

"ನೀ ಸುತ್ತಿಲ್ಲೇನವ್ವ?"

"ನೂಲೆಲ್ಲೈತಿ ಸುತ್ತಾಕ?"

ಮೂರು ಬೆಳಗೂ ಬುಟ್ಟಿ ತುಂಬಿರುತ್ತಿತ್ತು. ನಾನು ನೇಯ್ದೆ. ಲಾಳಿ ಓಡಿದಾಗಲೆಲ್ಲ ಹಸಿಮಣ್ಣಿನ ವಾಸನೆ ಬರುತ್ತಿತ್ತು. ಆ ಬದನೆ ಬಣ್ಣದ ನೂಲನ್ನು ನಾನು ಅದಕ್ಕೂ ಮುಂಚೆ ಒಂದೇ ಸಲ ನೇಯ್ದಿದ್ದೆ. ಆ ಸೀರೆ ಉಡಿಸಿಯೇ ಬಸಲಿಂಗಮ್ಮನನ್ನು ಮಣ್ಣು ಮಾಡಿದ್ದೆವು.

ಮಗಳು ನಾನು ನೇಯ್ದ ಸೀರೆಯುಟ್ಟು ಹಸೆಮಣೆಯ ಮೇಲೆ ಕೂತಳು, ಅಕ್ಕಿಕಾಳು ಬಿದ್ದವು. ಕೊಟ್ಟ ಮಾತು ನಡೆಯಿತು.