ನೀಲಿ ಕಣ್ಣಿನ ಗೋಡೆಯಾನೆ

ಬಹಳ ಹಿಂದೆ, ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ಹೊಂಗೆರೆ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಒಮ್ಮೆ ಬಿಕ್ಕಳಿಕೆ ಹತ್ತಿತು. ಏಳು ದಿನವಾದರೂ ನಿಲ್ಲಲಿಲ್ಲ. ಆಗ ಗುಡ್ಡದ ಗವಿಯಿಂದ ಸುರುಳಿಗಣ್ಣನೆಂಬ ಮಾಂತ್ರಿಕ ಬಂದು ರಾಜನ ಮೂಗಿನ ಮೇಲೆ 'ಉಫ್' ಎಂದು ಊದಿದ. ಬಿಕ್ಕಳಿಕೆ ನಿಂತಿತು. "ಏನು ಬೇಕೋ ಕೇಳು!" ಎಂದ ರಾಜ. ರಾಜರಿಗೆ ಈ ಮಾತನ್ನು ಯಾರು ಕಲಿಸಿದರೋ ಕಾಣೆ, ಇದರಿಂದ ಒಳ್ಳೆಯದಾದದ್ದನ್ನು ನಾನಂತೂ ಕೇಳಿಲ್ಲ.

"ಯುಗಾದಿಯ ದಿನ ಯಾವ ಮನೆಯ ಮುಂಗೋಡೆಯ ಮೇಲೆ ಪೂರ್ತಿಯಾದ ಚಿತ್ರವಿಲ್ಲವೋ ಆ ಮನೆ ನನ್ನದು," ಎಂದ ಮಾಂತ್ರಿಕ.

ರಾಜನಿಗೆ ಚಿತ್ತಾರವೆಂದರೆ ಪ್ರಾಣ. ತಲೆಯಾಡಿಸಿಬಿಟ್ಟ. ಮಂತ್ರಿಗೆ ಮಾತ್ರ ಸ್ವಲ್ಪ ಬುದ್ಧಿಯಿತ್ತು. "ನಿನ್ನ ಮಂತ್ರ ಒಂದೇ ಒಂದು ಮನೆಯ ಮುಂದೆ ಸೋತರೂ ಎಲ್ಲ ಮನೆಗಳೂ ವಾಪಸ್ಸು," ಎಂದು ಸೇರಿಸಿದ.

ಮಾಂತ್ರಿಕ ಮರುದಿನವೇ ರಾಜ್ಯದ ಬಣ್ಣವನ್ನೆಲ್ಲ ಹೀರಿ ಒಂದು ಗಾಜಿನ ಬುಡ್ಡಿಗೆ ತುಂಬಿಕೊಂಡ. ಕೆಮ್ಮಣ್ಣು ಬಿಳಿಚಿಕೊಂಡಿತು, ಅರಿಸಿನ ಬೂದಿಯಂತಾಯಿತು. ಕುಂಬಾರನ ಆವಿಗೆಯ ಬೆಂಕಿಯಲ್ಲಿ ಬೆಂದ ಬಣ್ಣವೊಂದೇ ಅವನಿಗೆ ದಕ್ಕಲಿಲ್ಲ. ಬಣ್ಣವಿಲ್ಲದೆ ಜನ ಗೋಡೆಯ ಮೇಲೆ ಏನು ಬರೆದಾರು? ಯುಗಾದಿ ಬಂತೆಂದರೆ ಅವನು ಬೀದಿಗಿಳಿದು, "ಬೋಳು ಗೋಡೆಯ ಮನೆಯೇ, ಸುತ್ತಿಕೋ ಚಾಪೆಯಂತೆಯೇ!" ಎನ್ನುತ್ತಿದ್ದ. ಮನೆ ಜನರ ಸಮೇತ ಸುರುಳಿಯಾಗುತ್ತಿತ್ತು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಗವಿಗೆ ಹೋಗುತ್ತಿದ್ದ. ಒಳಗಿದ್ದವರೂ ಚಪ್ಪಟೆ. ದೋಸೆ, ಹಪ್ಪಳ ಬಿಟ್ಟರೆ ಬೇರೇನೂ ಅವರ ಬಾಯಿಗೆ ಹೋಗುತ್ತಿರಲಿಲ್ಲ.

ಹೀಗೆ ಒಂದೊಂದೇ ಬೀದಿಯಂತೆ ಎರಡು ಯುಗಾದಿಯಲ್ಲಿ ಊರೆಲ್ಲ ಖಾಲಿಯಾಗಿ, ಎರಡನೆಯದರ ಹೊತ್ತು ಮುಳುಗುವಾಗ ಕೊನೆಯ ಬೀದಿಯಲ್ಲಿ ಒಂದೇ ಮನೆ ಉಳಿಯಿತು. ಅದು ಗಾರೆ ಕೆಲಸದ ಬೊಮ್ಮಯ್ಯನ ಮನೆ. ಊರವರ ಗೋಡೆಗಳನ್ನೆಲ್ಲ ನುಣ್ಣಗೆ ಮಾಡಿದ ಬೊಮ್ಮಯ್ಯನಿಗೆ ಒಂದೇ ದೋಷ, ಕೈಗೆ ಸಿಕ್ಕಿದ್ದನ್ನು ಬೀಳಿಸುತ್ತಿದ್ದ. ಮಗಳು ಸಂಪಿಗೆಗೂ ಅಪ್ಪನ ಕೈಯೇ ಬಂದಿತ್ತು. ಆ ಮನೆಯಲ್ಲಿ ಮಡಕೆಯೊಂದು ವರ್ಷ ತುಂಬಿಸಿದರೆ ಅದಕ್ಕೆ ಆರತಿ ಎತ್ತುತ್ತಿದ್ದರು.

ಒಡೆದದ್ದು ಮನೆಯಲ್ಲಿರಬಾರದೆಂದು ಊರವರು ಚೂರುಗಳನ್ನು ಹೊಳೆಗೆ ಎಸೆಯುತ್ತಿದ್ದರು. ಬೊಮ್ಮಯ್ಯನ ಹೆಂಡತಿ ತುಂಗವ್ವ ಮಾತ್ರ ಒಂದನ್ನೂ ಎಸೆದವಳಲ್ಲ. ಎಲ್ಲವನ್ನೂ ಅಟ್ಟದ ಮೇಲೆ ಜೋಡಿಸಿಟ್ಟಿದ್ದಳು. ಜಗಳ ಬಂದಾಗ ಸಾಕ್ಷಿ ಬೇಕಲ್ಲ! "ಇದು ಉಪ್ಪಿನಕಾಯಿ ಭರಣಿ, ಸಂಕ್ರಾಂತಿಯ ಮಾರನೇ ದಿನ ನೀವು ಒಡೆದದ್ದು. ಇದು ಹೂವಿನ ತಟ್ಟೆ, ನಿಮ್ಮ ಮಗಳ ಪ್ರತಾಪ," ಎಂದು ಒಂದೊಂದೇ ಚೂರು ಎತ್ತಿ ತೋರಿಸುತ್ತಿದ್ದಳು.

ಒಂದು ಒಡಕಿನ ಸಾಕ್ಷಿ ಮಾತ್ರ ಅಟ್ಟದಲ್ಲಿರಲಿಲ್ಲ. ಅದು ಬೊಮ್ಮಯ್ಯನ ತಾಯಿ ಹಾಲಜ್ಜಿ ತವರಿನಿಂದ ತಂದಿದ್ದ ನೀಲಿ ಪಿಂಗಾಣಿ ಬಟ್ಟಲು. "ನಿಮ್ಮ ಮಗನೇ ಒಡೆದು ಬಾವಿಗೆ ಎಸೆದುಬಿಟ್ಟರು," ಎಂದು ತುಂಗವ್ವ ಹೇಳಿದ್ದಳು. ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದ ಬೊಮ್ಮಯ್ಯ ಹೌದೆಂದು ಒಪ್ಪಿಕೊಂಡಿದ್ದ. ಅಂದಿನಿಂದ ಹದಿನೆಂಟು ವರ್ಷ ಅಜ್ಜಿ ಮಗನ ಜೊತೆ ನೇರವಾಗಿ ಮಾತಾಡಿರಲಿಲ್ಲ. ಏನಿದ್ದರೂ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು. "ಏ ಕಂಬ, ನಿನ್ನ ಪಕ್ಕ ನಿಂತಿರೋನಿಗೆ ಹೇಳು, ಕಾಲು ತೊಳ್ಕೊಂಡು ಒಳಗೆ ಬರ್ಲಿ." ಬೊಮ್ಮಯ್ಯ ತಲೆ ತಗ್ಗಿಸಿ ಕಾಲು ತೊಳೆಯುತ್ತಿದ್ದ. ಎದುರಿಗೇ ಇರುವ ತಾಯಿಯ ಮಾತು ಕಂಬದ ಮೂಲಕ ಬರುವ ಸಂಕಟ ಅವನಿಗೇ ಗೊತ್ತು.

ಯುಗಾದಿಗೆ ಮೂರು ದಿನ ಉಳಿಯಿತು.

"ಅಪ್ಪಾ, ನಮ್ಮ ಸರದಿ ಬಂತು," ಎಂದಳು ಸಂಪಿಗೆ. "ಬಣ್ಣ ಇಲ್ಲದಿದ್ರೆ ಬೇಡ. ಅಟ್ಟದ ಮೇಲೆ ಅವ್ವನ ಸಾಕ್ಷಿಗಳಿವೆಯಲ್ಲ! ನೀನು ಗಾರೆ ಕಲಸು, ನಾನು ಚೂರು ಮೆತ್ತಿ ಚಿತ್ತಾರ ಮಾಡ್ತೀನಿ."

"ನನ್ನ ಸಾಕ್ಷಿಗಳು!" ಎಂದು ತುಂಗವ್ವ ಎದೆ ಹಿಡಿದುಕೊಂಡಳು. ಆದರೆ ಮನೆಯೇ ಚಾಪೆಯಾದ ಮೇಲೆ ಜಗಳವಾಡುವುದಾದರೂ ಎಲ್ಲಿ? ಒಪ್ಪಿದಳು. ಗೋಡೆ ದೊಡ್ಡದಿತ್ತು, ಚೂರುಗಳೂ ರಾಶಿ ಇದ್ದವು. ಹಾಗಾಗಿ ಆನೆಯನ್ನೇ ಮಾಡುವುದೆಂದಾಯಿತು.

ಮೊದಲನೆಯ ದಿನ ಆನೆಯ ಕಾಲುಗಳು ಮುಗಿದವು. ಗಾರೆಗೆ ಬೆಲ್ಲದ ನೀರು ಬೆರೆಸುವುದು ಬೊಮ್ಮಯ್ಯನ ಪದ್ಧತಿ. ಗವಿಯಲ್ಲಿದ್ದ ಮಾಂತ್ರಿಕನಿಗೆ ಅದರ ವಾಸನೆ ಬಡಿಯಿತು. ಭತ್ತದ ಕಣಜದಷ್ಟು ದೊಡ್ಡ ಮಾಯಾ ಕರಡಿಯೊಂದನ್ನು ಕಳಿಸಿದ. "ಗೋಡೆ ನೆಕ್ಕಲು ಬಂದಿದ್ದೇನೆ," ಎಂದಿತು ಕರಡಿ. ಏಣಿಯ ಮೇಲಿದ್ದ ಬೊಮ್ಮಯ್ಯ ನಡುಗಿದ. ನಡುಗಿದ ಮೇಲೆ ಕೇಳಬೇಕೆ? ಗಾರೆ ತುಂಬಿದ ಬಾಂಡಲಿ ಕೈಜಾರಿ ಕರಡಿಯ ತಲೆಯ ಮೇಲೆ ಬಿತ್ತು. ಬಿಸಿಲಿಗೆ ಗಾರೆ ಗಟ್ಟಿಯಾಯಿತು. ಕರಡಿ ಬಾಂಡಲಿಯ ಟೋಪಿ ಹಾಕಿಕೊಂಡೇ ಕಾಡಿಗೆ ಓಡಿತು.

ಎರಡನೆಯ ದಿನ ಆನೆಯ ಹೊಟ್ಟೆ, ಬೆನ್ನು ಮುಗಿದವು. ಮಾಂತ್ರಿಕ ಕಬ್ಬಿಣದ ಕೊಕ್ಕಿನ ಮಾಯಾ ಕಾಗೆಯನ್ನು ಕಳಿಸಿದ. ಅದು ಇಪ್ಪತ್ತು ಚೂರು ಕಿತ್ತುಕೊಂಡು ಸೂರಿನ ಮೇಲೆ ಕುಳಿತಿತು. ತುಂಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳಕ್ಕೆ ಬಂದಳು.

"ಎಲ್ಲಿ, ಕೊಕ್ಕು ತೆಗಿ. ಅದು ಮಜ್ಜಿಗೆ ಕುಡಿಕೆಯ ಅಂಚು. ನಾದಿನಿ ಮದುವೆಯ ದಿನ ಒಡೆದದ್ದು. ಅದರ ಜೊತೆಗಾರ ಚೂರೆಲ್ಲಿ? ಕಾಲಡಿ ಏನಿಟ್ಟುಕೊಂಡಿದ್ದೀಯ? ಮಾತಾಡೋವಾಗ ಮುಖ ನೋಡು!"

ಸೂರ್ಯ ನೆತ್ತಿಗೆ ಬರುವವರೆಗೆ ಅವಳು ನಿಲ್ಲಿಸಲಿಲ್ಲ. ಕಾಗೆ ಇಪ್ಪತ್ತೂ ಚೂರು ಕೆಳಗಿಟ್ಟು, ತಪ್ಪಾಯಿತೆಂದು ಹೇಳಿ, ತನ್ನದೊಂದು ಗರಿಯನ್ನೂ ಬಿಟ್ಟು ಹೋಯಿತು.

ಮೂರನೆಯ ದಿನ ಯುಗಾದಿ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಹೋಳಿಗೆ ಬೇಯಿಸಿಟ್ಟು, ಆನೆಯ ಸೊಂಡಿಲು, ಕಿವಿ, ದಂತವನ್ನೂ ಮುಗಿಸಿದರು. ಕಣ್ಣೊಂದು ಉಳಿಯಿತು. ಆ ರಾಜ್ಯದಲ್ಲಿ ಕಣ್ಣು ಇಡುವುದು ಕೊನೆಗೇ. ಕಣ್ಣಿಡದ ಚಿತ್ರ ಚಿತ್ರವೇ ಅಲ್ಲ. ಸಂಪಿಗೆ ಬುಟ್ಟಿಗೆ ಕೈ ಹಾಕಿದಳು. ಬುಟ್ಟಿ ಬರಿದು. ಅಟ್ಟ ಹತ್ತಿದಳು. ಅಟ್ಟವೂ ಬರಿದು.

"ಏನಾದ್ರೂ ಒಡೀ ಅಪ್ಪಾ!" ಎಂದಳು.

ಒಡೆಯಲು ಉಳಿದಿದ್ದಾದರೂ ಏನು? ಮಣ್ಣಿನದು, ಪಿಂಗಾಣಿಯದು ಎಲ್ಲ ಯಾವಾಗಲೋ ಒಡೆದಾಗಿತ್ತು. ಇದ್ದದ್ದು ತಾಮ್ರದ ತಂಬಿಗೆಯೊಂದೇ. ಬೊಮ್ಮಯ್ಯ ಅದನ್ನು ಎತ್ತಿ ಎತ್ತಿ ಕುಕ್ಕಿದ. ತಂಬಿಗೆ ನೆಗ್ಗಿತು, ಒಡೆಯಲಿಲ್ಲ. "ಜೀವಮಾನದಲ್ಲಿ ಒಂದು ಸಲ ಒಡಿ ಅಂದ್ರೆ ಒಡೆಯಲ್ವಲ್ಲ!" ಎಂದು ಅತ್ತೇಬಿಟ್ಟ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಸುರುಳಿಗಣ್ಣ ಕಾಣಿಸಿಕೊಂಡ. ಕಂಕುಳಲ್ಲಿ ಬಣ್ಣದ ಬುಡ್ಡಿ. ಆನೆಯ ಮುಖ ನೋಡಿ ನಕ್ಕ. "ಕುರುಡು ಆನೆ! ಪೂರ್ತಿಯಾಗಿಲ್ಲ!" ಎಂದು ಕೈಯೆತ್ತಿ ಶುರುಮಾಡಿದ. "ಬೋಳು ಗೋಡೆಯ ಮನೆಯೇ..."

ಮನೆಯ ಮೂಲೆ ಸುರುಳಿಯಾಗತೊಡಗಿತು. ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿಯ ಕಾಲು ಆಗಲೇ ಹಪ್ಪಳದಂತಾಗಿತ್ತು. ತುಂಗವ್ವ ಅದನ್ನು ನೋಡಿದಳು. ಒಳಗೆ ಓಡಿ, ಮರದ ಪೆಟ್ಟಿಗೆಯ ತಳದಿಂದ, ಮದುವೆ ಸೀರೆಯ ಕೆಳಗಿನಿಂದ, ಒಂದು ಬಟ್ಟೆಯ ಗಂಟು ತಂದಳು. ಗಂಟಿನಲ್ಲಿ ನೀಲಿ ಪಿಂಗಾಣಿಯ ಚೂರುಗಳಿದ್ದವು. ಬಟ್ಟಲಿನ ತಳ ದುಂಡಗೆ ಹಾಗೆಯೇ ಉಳಿದಿತ್ತು.

"ಅತ್ತೆ, ಇದನ್ನು ಒಡೆದದ್ದು ನಾನು," ಎಂದಳು ತುಂಗವ್ವ. "ಹೊಸ ಸೊಸೆ, ಹೆದರಿಕೆಯಾಯ್ತು. ಅವರ ಮೇಲೆ ಹಾಕಿದೆ. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಬೊಮ್ಮಯ್ಯ ಬೆಪ್ಪಾಗಿ ನಿಂತ. "ಅಲ್ವೇ, ಅದು ನನ್ನ ಕೈಯಿಂದ ಜಾರಿದ್ದು, ಬಾವಿಗೆ ಎಸೆದದ್ದು, 'ಗುಳುಂ' ಅಂದದ್ದು, ಎಲ್ಲ ನನಗೆ ನೆನಪಿದೆಯಲ್ಲೇ!"

"ಆಮೇಲೆ ನೆನಪಿಸ್ಕೊಳ್ಳಿ!" ಎಂದಳು ಸಂಪಿಗೆ. ನೀಲಿ ತಳವನ್ನು ಕಿತ್ತುಕೊಂಡು, ಏಣಿ ಹತ್ತಿ, ಹಸಿ ಗಾರೆಗೆ ಒತ್ತಿದಳು. ಅವಳ ಕೈಯಿಂದ ಅದೊಂದು ಜಾರಲಿಲ್ಲ.

ಆನೆ ಕಣ್ಣು ಮಿಟುಕಿಸಿತು. ಗೋಡೆಯಿಂದ ಸೊಂಡಿಲು ಚಾಚಿ, ಸುರುಳಿಗಣ್ಣನನ್ನು ಹಿಡಿದು, ಮಡಿಸಿ, ಚಾಪೆಯಂತೆ ಸುತ್ತಿ ಮೂಲೆಗೆ ಒರಗಿಸಿತು. ಅವನ ಕಂಕುಳಿನ ಬುಡ್ಡಿ ಗಾಳಿಗೆ ಹಾರಿತು. "ಹಿಡಿದೆ!" ಎಂದು ಬೊಮ್ಮಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿದವನು ಬೀಳಿಸಿದ. ಬುಡ್ಡಿ ಚೂರುಚೂರಾಗಿ, ಕೆಂಪು, ಹಳದಿ, ನೀಲಿ ಎಲ್ಲ ರಾಜ್ಯದ ತುಂಬ ಹರಿದವು. ಗವಿಯೊಳಗಿನ ಮನೆಗಳು ಬಿಚ್ಚಿಕೊಂಡು ತಂತಮ್ಮ ಜಾಗಕ್ಕೆ ಹಾರಿ ಬಂದವು. ಚಪ್ಪಟೆಯಾಗಿದ್ದವರು ಪೂರಿಯಂತೆ ಉಬ್ಬಿ, ಮೊದಲು ಅನ್ನ ಎಲ್ಲಿ ಎಂದು ಕೇಳಿದರು. ರಾಜ ಅಂದಿನಿಂದ ಬಿಕ್ಕಳಿಕೆ ಬಂದರೆ ನೀರು ಕುಡಿಯುತ್ತಾನೆ.

ಮಧ್ಯಾಹ್ನ ಬೊಮ್ಮಯ್ಯನ ಮನೆಯಲ್ಲಿ ಎಲೆ ಹಾಕಿದರು. ಅಜ್ಜಿ ತನ್ನ ಕಾಲು ಮುಟ್ಟಿ ನೋಡಿಕೊಂಡು, ಎದ್ದು, ಕಂಬವನ್ನು ದಾಟಿ ಮಗನ ಮುಂದೆ ಬಂದು ನಿಂತಳು. ಹದಿನೆಂಟು ವರ್ಷದ ಮೇಲೆ ಅವನ ಮುಖ ಹಿಡಿದಳು.

"ಬೊಮ್ಮಾ, ಕೂದಲೆಲ್ಲ ನೆರೆತು ಹೋಯ್ತಲ್ಲೋ. ಬಾ, ಉಣ್ಣು ಬಾ."

ಬೊಮ್ಮಯ್ಯನ ಕೈಯಲ್ಲಿದ್ದ ತಂಬಿಗೆ ಬಿತ್ತು. ಯಾರೂ ಬೈಯಲಿಲ್ಲ.

ಅಜ್ಜಿ ಅವನ ಪಕ್ಕದಲ್ಲೇ ಕುಳಿತಳು. ಆಮೇಲೆ ಹೋಳಿಗೆ ಬುಟ್ಟಿ ಹಿಡಿದು ನಿಂತಿದ್ದ ತುಂಗವ್ವನ ಕಡೆಗೆ ಒಂದು ಸಲ, ಕಂಬದ ಕಡೆಗೆ ಒಂದು ಸಲ ನೋಡಿದಳು.

"ಏ ಕಂಬ, ನಿನ್ನ ಪಕ್ಕ ನಿಂತಿರೋಳಿಗೆ ಹೇಳು, ನನ್ನ ಮಗನಿಗೆ ಇನ್ನೊಂದು ಹೋಳಿಗೆ ಹಾಕಲಿ. ಹಾಕಿ, ತಾನೂ ಕೂತು ಉಣ್ಣಲಿ."

ತುಂಗವ್ವ ಎರಡು ಹಾಕಿದಳು.