ಒಂದೇ ಮಗ್ಗಲು ನೀಲಿ

ಹೊಸ ಕಾರು ತಂದವರನ್ನು ಓಣಿಯವರು ಪೇಢೆ ಕೇಳುತ್ತಾರೆ. ಖಲಂದರ ಕಾರು ತಂದ ದಿನ ಗಂಗಾವತಿಯ ಗ್ಯಾರೇಜು ಸಾಲಿನವರೆಲ್ಲ ಮೂಗು ಮುಚ್ಚಿಕೊಂಡರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಿದ್ದ ಆ ಗಾಡಿ ಸಂತೆಗೆ ಹೊರಡಲೊಲ್ಲದ ಎಮ್ಮೆಯ ಹಾಗೆ ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಒಳಗಿಂದ ಕೋಳಿಗೂಡಿನ ವಾಸನೆ ಬೇರೆ.

ಎದುರಿನ ಕುಶನ್ ಅಂಗಡಿಯಲ್ಲಿ ಸೀಟು ಹೊಲಿಯುತ್ತಿದ್ದ ಜಾಸ್ಮೀನ ಮಷೀನು ನಿಲ್ಲಿಸಿ ಬಾಗಿಲಿಗೆ ಬಂದಳು. ಅಂಗಡಿ ಅವಳ ಅಪ್ಪ ಅಲ್ಲಾಸಾಬರದು. ಅಳತೆ, ಚೌಕಾಶಿ ಅವರದು; ಹೊಲಿಗೆ ಅವಳದು. ಖಲಂದರ ಎದುರಿನ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು. ಇಬ್ಬರ ನಡುವೆ ಒಂದು ರಸ್ತೆ, ನಾಲ್ಕು ಮಾತು, ಬೇಕಾದಷ್ಟು ಕದ್ದುನೋಟ ಇದ್ದವು.

"ಯಾವ ಪುಣ್ಯಾತ್ಮಂದ್ರಿ ಈ ಗಾಡಿ? ಗುಜರಿಗೆ ಹೊಂಟಿದ್ದು ದಾರಿ ತಪ್ಪಿ ಬಂತೇನು?"

"ನಂದ."

ಅಷ್ಟರಲ್ಲಿ ಅವಳು ನಕ್ಕುಬಿಟ್ಟಿದ್ದಳು. ನಕ್ಕ ನಗೆಯನ್ನು ನುಂಗಲು ಬರುವುದಿಲ್ಲ. ಖಲಂದರನ ಕಿವಿ ಕೆಂಪಾದವು. ಹಗ್ಗ ಬಿಚ್ಚುವ ನೆಪದಲ್ಲಿ ಬಗ್ಗಿದವನಿಗೆ ಕೆಮ್ಮು ಬಂತು, ಸ್ವಲ್ಪ ಉದ್ದವೇ ಬಂತು. ಬಣ್ಣದವರು ಕೆಮ್ಮುವುದನ್ನು ಆ ಸಾಲಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ತಪ್ಪು ಮಾಡಿದೆ ಅನ್ನಿಸಿ ಜಾಸ್ಮೀನ ರಸ್ತೆ ದಾಟಿ ಬಂದಳು. ಕಿಟಕಿಯೊಳಗೆ ಬಗ್ಗಿ ನೋಡಿದಳು.

"ಹಿಂದಿನ ಸೀಟಿನ್ಯಾಗ ತತ್ತಿ ಐತ್ರಿ. ಗಾಡಿ ಜೋಡಿ ಬಂದದ್ದೋ, ಅದಕ್ಕ ಬ್ಯಾರೆ ರೊಕ್ಕ ಕೊಟ್ರೋ?"

ಈಗ ನಗುವ ಸರದಿ ಅವನದಾಯಿತು.

ಅದು ಮಾರಿಸ್ ಮೈನರ್. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಗಾಡಿ. ತಾವರಗೇರಾದ ಎಣ್ಣೆ ಗಿರಣಿಯವರ ಮನೆಯದು. ಆ ಮನೆಯ ವಿರೂಪಾಕ್ಷಮ್ಮ ಮದುಮಗಳಾಗಿ ಬಂದಿಳಿದದ್ದು ಇದರಲ್ಲೇ. ಗಂಡ ಹೋದ ಮೇಲೆ ಗಾಡಿ ಕೊಟ್ಟಿಗೆ ಸೇರಿ ಕೋಳಿಗಳ ಪಾಲಾಗಿತ್ತು. ಗುಜರಿಯವರು ಬಂದರೆ ಕದ ಹಾಕಿಕೊಳ್ಳುತ್ತಿದ್ದ ಮುದುಕಿ ಖಲಂದರನಿಗೆ ಮಾತ್ರ ಮಾರಿದಳು, ಅದೂ ಒಂದು ಮಾತಿನ ಮೇಲೆ.

"'ನಾ ಕಣ್ಣು ಮುಚ್ಚೂದ್ರೊಳಗ ಇದರಾಗ ಒಮ್ಮಿ ನನ್ನ ಊರು ಸುತ್ತಸಬೇಕಪಾ' ಅಂದ್ಳು. ಹೂಂ ಅಂದು ಬಂದೀನಿ," ಎಂದ ಖಲಂದರ.

"ಯಾವ ಬಣ್ಣ ಹೊಡಿತೀರಿ?"

"ನೀಲಿ. ಇಷ್ಟು ದಿನ ಮಂದಿ ಹೇಳಿದ ಬಣ್ಣ ಹೊಡದೀನಿ. ಇದೊಂದಕ್ಕ ನನ್ನ ಮನಸಿಂದು."

"ಸೀಟಿಗೆ?"

"ಅದು ನೀ ಹೇಳ್ಬೇಕು. ಅದರಾಗ ಕುಂಡ್ರಾಕಿ..." ಅಂದವನು ನಾಲಿಗೆ ಕಚ್ಚಿಕೊಂಡ. ಜಾಸ್ಮೀನ ಕೇಳಿಸಲಿಲ್ಲ ಅನ್ನುವಂತೆ ಸೀಟಿನ ಸ್ಪ್ರಿಂಗು ಒತ್ತಿ ನೋಡಿದಳು. ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು.

ಆಮೇಲೆ ಸಂಜೆಗಳೆಲ್ಲ ಆ ಗಾಡಿಯವಾದವು. ಗ್ಯಾರೇಜಿನ ಮುಜೀಬ ಮಿಸ್ತ್ರಿ ಎಂಜಿನ್ನು ಬಿಚ್ಚಿ ಕಟ್ಟಿದ. ತುಕ್ಕು ತಿಂದ ತಳಕ್ಕೆ ಹೊಸ ತಗಡು ಬೆಸುಗೆಯಾಯಿತು. ಸಿಗದ ಸಾಮಾನನ್ನು ಹುಬ್ಬಳ್ಳಿಯ ಗುಜರಿಯಲ್ಲಿ ಕೆದಕಿ ತಂದರು. ಜಾಸ್ಮೀನ ಮೆರೂನ್ ರೆಕ್ಸಿನ್ ಆರಿಸಿದಳು. ಗಿರಾಕಿಗಳ ಸೀಟಿಗೆ ಒಂದು ಹೊಲಿಗೆ ಹಾಕುವವಳು ಇದಕ್ಕೆ ಎರಡೆರಡು ಹಾಕಿದಳು. ಅಲ್ಲಾಸಾಬರು ನೋಡಿಯೂ ನೋಡದವರಂತೆ ಇದ್ದರು.

ಆ ಕಾಲದ ಗಾಡಿಗೆ ಮಿಣುಕುವ ಇಂಡಿಕೇಟರ್ ಇರಲಿಲ್ಲ. ಬಾಗಿಲ ಹಿಂದಿನ ಕಂಬದಲ್ಲಿ ಆಚೆ ಈಚೆ ಒಂದೊಂದು ಪುಟ್ಟ ಕೈ ಮಡಚಿಕೊಂಡು ಕೂತಿರುತ್ತಿತ್ತು. ಗುಂಡಿ ಒತ್ತಿದರೆ ಟಕ್ಕನೆ ಹೊರಗೆ ಚಾಚಿ, ಅದರೊಳಗೆ ಕಿತ್ತಳೆ ದೀಪ ಹೊತ್ತಬೇಕು. ಎಡಗೈ ತುಕ್ಕು ಹಿಡಿದು ಸತ್ತೇಹೋಗಿತ್ತು. ಬಲಗೈಯನ್ನು ಖಲಂದರ ಉಳಿಸಿಕೊಂಡು, ಅದರ ಗುಂಡಿಯನ್ನು ಸ್ಟೇರಿಂಗಿನ ಪಕ್ಕ, ಡ್ಯಾಶ್‌ಬೋರ್ಡಿನ ನಡುವೆ ಕೂರಿಸಿದ.

"ಒತ್ತು," ಎಂದ.

ಒತ್ತಿದಳು. ಕೈ ಹೊರಗೆ ಬಂತು. ಜಾಸ್ಮೀನ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು.

"ಸುಮ್ಸುಮ್ಕ ಒತ್ತಬ್ಯಾಡ. ಕೈ ಚಾಚಿದ ಮ್ಯಾಲ ತಿರುಗಲೇಬೇಕು. ಚಾಚಿ ತಿರುಗಲಿಲ್ಲಂದ್ರ ಹಿಂದ ಬರಾವ ಮೋಸ ಹೋಗ್ತಾನ."

"ಮನಷ್ಯಾರಿಗೂ ಇದ ಕಾಯ್ದೇನ್ರಿ?"

ಅವನು ಅವಳ ಮುಖ ನೋಡಿದ. ಬೆರಳಿಗಂಟಿದ ಗ್ರೀಸನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಮನಷ್ಯಾರು ಮೊದ್ಲ ಕೈ ಚಾಚೂದು ಕಲೀಬೇಕು."

ಹಿಂದಿನ ಸೀಟಿನ ಅಡಿಗೆ ಸ್ಪ್ರಿಂಗು ಬಿಗಿಯುತ್ತಿದ್ದ ಅಲ್ಲಾಸಾಬರು ಗಂಟಲು ಸರಿಮಾಡಿಕೊಂಡರು. ಇಬ್ಬರೂ ದೂರ ಸರಿದರು.

ಬಣ್ಣದವರಲ್ಲಿ ಒಂದು ನಂಬಿಕೆಯಿದೆ. ದಿನಾ ಒಂದು ತುಂಡು ಬೆಲ್ಲ ತಿಂದರೆ ಎದೆಗೆ ಇಳಿದ ಧೂಳೆಲ್ಲ ಕರಗಿಹೋಗುತ್ತದಂತೆ. ಉಸ್ತಾದ ಶಿಷ್ಯನಿಗೆ ಹೇಳಿದ್ದು, ಶಿಷ್ಯ ಉಸ್ತಾದನಾಗಿ ಮತ್ತೊಬ್ಬನಿಗೆ ಹೇಳಿದ್ದು. ಜಾಸ್ಮೀನ ಸಂಜೆಯಾದರೆ ಸೆರಗಿನ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡು ರಸ್ತೆ ದಾಟುತ್ತಿದ್ದಳು. ಪ್ರೀತಿ ಅಂತ ಬಾಯಿಬಿಟ್ಟು ಹೇಳಲು ಬಾರದವರಿಗೆ ಅದೊಂದು ಒಳ್ಳೆಯ ದಾರಿಯಾಗಿತ್ತು.

ಹಳೆಯ ಬಣ್ಣ ಉಜ್ಜಿ ತೆಗೆಯುವ ಮೊದಲ ದಿನ ಖಲಂದರ ಮಾಸ್ಕು ಹಾಕಿಕೊಂಡಿದ್ದ. ಯಾರೋ ಗಿರಾಕಿ ಕೊಟ್ಟಿದ್ದ, ಎರಡು ಡಬ್ಬಿ ಸಿಕ್ಕಿಸಿದಂಥ ಮಾಸ್ಕು.

"ಅಯ್ಯ, ಆನಿ ಸೊಂಡ್ಲು!" ಜಾಸ್ಮೀನ ಬಾಯಿಗೆ ಕೈ ಅಡ್ಡ ಹಿಡಿದಳು. "ತಗೀರಿ ಅದನ್ನ. ನಿಮ್ಮ ಮಾರೀನ ಕಾಣವಲ್ದು."

"ಕಾಣಬೇಕೇನು?"

"ಕಂಡ್ರ ಬೆಲ್ಲ. ಇಲ್ಲಂದ್ರ ಇಲ್ಲ."

ಅವನು ಮಾಸ್ಕು ಬಿಚ್ಚಿ ಮೊಳೆಗೆ ತೂಗುಹಾಕಿದ. "ನಿನ್ನ ಬೆಲ್ಲ ಇರೂತನಾ ಇದ್ಯಾಕ ನನಗ?" ಎಂದು ಬಾಯಿ ತೆರೆದ. ಆ ರಾತ್ರಿ ಜಾಸ್ಮೀನಳಿಗೆ ಖುಷಿಗೆ ನಿದ್ದೆಯೇ ಹತ್ತಲಿಲ್ಲ. ಒಬ್ಬ ಗಂಡಸು ತನ್ನ ಒಂದು ಮಾತಿಗೆ ಏನನ್ನೋ ಬಿಟ್ಟನಲ್ಲ ಅಂತ ಹೆಮ್ಮೆ. ಮಾಸ್ಕು ಮೊಳೆಯಲ್ಲೇ ಉಳಿಯಿತು. ಅದರೊಳಗೆ ಜೇಡ ಮನೆ ಮಾಡಿತು.

ಎಡಮಗ್ಗಲು ಮುಗಿದ ದಿನ ಸಾಲಿನವರೆಲ್ಲ ಬಂದು ನೋಡಿದರು. ಮೂಗು ಮುಚ್ಚಿಕೊಂಡಿದ್ದವರೇ ಈಗ ಆ ನೀಲಿಯಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಂಡರು. ಮರುದಿನ ಬಲಮಗ್ಗಲಿಗೆ ಬಣ್ಣದ ಗನ್ನು ಎತ್ತಿದ ಖಲಂದರ ಕೆಮ್ಮುತ್ತ ಟೈರಿನ ಪಕ್ಕ ಕುಸಿದ. ಬಣ್ಣಕ್ಕೆ ಮೊದಲು ಬಳಿದಿದ್ದ ಬೂದು ಪ್ರೈಮರಿನ ಮೇಲೆ ಬಿದ್ದ ಹನಿಗಳು ನೀಲಿಯಾಗಿರಲಿಲ್ಲ, ಕೆಂಪಾಗಿದ್ದವು.

ಕೊಪ್ಪಳದ ಆಸ್ಪತ್ರೆಗೆ ಅವನ ತಾಯಿ ಹಜರತಬೀಯ ಜೊತೆ ಅಲ್ಲಾಸಾಬರೂ ಜಾಸ್ಮೀನಳೂ ಹೋದರು. ಡಾಕ್ಟರಮ್ಮ ಎದೆಯ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದರು. ಎದೆಯೊಳಗೆ ಗಾಯ ಒಣಗಿ ಗಟ್ಟಿಯಾಗಿದೆ, ಹೋದ ಭಾಗ ತಿರುಗಿ ಬರುವುದಿಲ್ಲ ಎಂದರು.

"ಇನ್ನ ಎಷ್ಟು ದಿನಾರಿ?" ಹಜರತಬೀ ಕೇಳಿಯೇಬಿಟ್ಟಳು.

"ಕೆಲವು ವರ್ಷ ಇರಬಹುದು, ಕಡಿಮೆನೂ ಇರಬಹುದು. ಬಣ್ಣ ಮುಟ್ಟಿದ್ರೆ ಅದೂ ಇಲ್ಲ. ಮಾಸ್ಕ್ ಹಾಕ್ತಿದ್ದೇನಪ್ಪಾ?"

"ಬೆಲ್ಲ ತಿಂತಿದ್ನಿರಿ," ಎಂದ ಖಲಂದರ. ಒಳ್ಳೆಯ ವಿದ್ಯಾರ್ಥಿಯ ಹಾಗೆ ಹೇಳಿದ.

"ಬೆಲ್ಲ ಹೊಟ್ಟೆಗೆ ಹೋಗ್ತದೆ, ಶ್ವಾಸಕೋಶಕ್ಕಲ್ಲ. ಮಾಸ್ಕ್ ಹಾಕಿದ್ರೆ..." ಡಾಕ್ಟರಮ್ಮ ಅಷ್ಟಕ್ಕೇ ನಿಲ್ಲಿಸಿದರು.

ಬಾಗಿಲ ಬಳಿ ನಿಂತಿದ್ದ ಜಾಸ್ಮೀನ ಉಳಿದ ಮಾತನ್ನು ತಾನೇ ಪೂರ್ತಿ ಮಾಡಿಕೊಂಡಳು. ಮರಳುವ ಬಸ್ಸು ಹಿಟ್ನಾಳ ದಾಟುವವರೆಗೂ ಅವಳು ಸೆರಗಿನ ಖಾಲಿ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಇದ್ದಳು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಎದುರಿನ ಶೆಡ್ಡಿನಲ್ಲಿ ಬಣ್ಣದ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಗುಡುಗಿತು. ಜಾಸ್ಮೀನ ರೆಕ್ಸಿನ್ ಕತ್ತರಿಸುವ ದೊಡ್ಡ ಕತ್ತರಿ ಕೈಯಲ್ಲಿದ್ದಂತೆಯೇ ರಸ್ತೆ ದಾಟಿದಳು. ಖಲಂದರ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಗನ್ನು ಹಿಡಿದು ನಿಂತಿದ್ದ. ಅಂಗಿ ಅವನ ಮೈಮೇಲೆ ಹ್ಯಾಂಗರಿಗೆ ಹಾಕಿದಂತಿತ್ತು.

"ಒಂದ ಮಗ್ಗಲು ಉಳದೈತಿ. ಇವತ್ತೊಂದಿನ ಅಷ್ಟ," ಎಂದ. ಅವಳ ಮುಖ ನೋಡಿ ಹಗುರ ಮಾಡಲು ಹೋದ. "ಬೆಲ್ಲ ತರಲಿಲ್ಲೇನು?"

ಜಾಸ್ಮೀನ ಗಾಳಿಯ ಪೈಪನ್ನು ಕತ್ತರಿಸಿಬಿಟ್ಟಳು. ಪೈಪು ಹಾವಿನಂತೆ ಬುಸುಗುಟ್ಟಿ ನೆಲದಲ್ಲಿ ಹೊರಳಾಡಿತು.

"ಇನ್ನ ಎಷ್ಟು ಕೊಲ್ಲಸ್ತಿ ನನ್ನ ಕೈಲೆ?" ಎಂದಳು. ಮಾತಿಗೊಂದು 'ರಿ' ಹಚ್ಚುತ್ತಿದ್ದವಳು ಅವತ್ತು ಮೊದಲ ಸಲ ಅದನ್ನು ಬಿಟ್ಟಿದ್ದಳು. "ಆ ಮಾಸ್ಕು ನಾ ತಗಸಿದ್ದು. ನಿನ್ನ ಮಾರಿ ನೋಡೂ ಆಸೇಕ ತಗಸಿದ್ದು. ದಿನಾ ಬೆಲ್ಲ ತಂದು ತಂದು ನಿನ್ನ ಮೈಮರಸಿದಾಕಿ ನಾ."

ಈಗ ಅಳು ಬಂತು. ಖಲಂದರ ಕಂಪ್ರೆಸರ್ ಆರಿಸಿದ. ಅವಳೆದುರು ಕೆಳಗೆ ಕುಳಿತ.

"ಮಾಸ್ಕು ತಗದ ಕೈ ನಂದು. ನೀ ನಗೂದ್ರಕಿಂತ ಮೊದ್ಲ ಎಷ್ಟು ವರ್ಷ ಹಂಗ ಹೊಡದೀನಿ, ಆಗ ನೀ ಎಲ್ಲಿದ್ದಿ? ಆ ಬೆಲ್ಲದಷ್ಟು ಸಿಹಿ ನನ್ನ ಜೀವಕ್ಕ ಬ್ಯಾರೆ ಏನೂ ಸಿಕ್ಕಿಲ್ಲ, ಜಾಸ್ಮೀನ."

ಅದು ನಿಜ. ಆದರೆ ನಿಜವೆಲ್ಲ ಸಮಾಧಾನ ಕೊಡುವುದಿಲ್ಲ.

ಅವನು ನೆಲ ನೋಡುತ್ತ ಮುಂದುವರಿಸಿದ. "ಕುಷ್ಟಗಿಯಿಂದ ಹುಡುಗನ ಕಡಿಯವ್ರು ಬರ್ತಾರಂತಲ್ಲ. ಬಟ್ಟೆ ಅಂಗಡಿ ಐತಿ, ಛಲೋ ಮಂದಿ. ಹೂಂ ಅನ್ನು. ನನ್ನ ಕಟಗೊಂಡು ನೀ ಮಾಡೂದೇನೈತಿ? ಔಷಧ ಕುಡಸೂದು, ಆಮ್ಯಾಲ ಗಂಡ ಸತ್ತಾಕಿ ಅಂತ ಇದ್ದತ್ತು ಕುಂಡ್ರೂದು."

ಜಾಸ್ಮೀನ ಕತ್ತರಿ ಎತ್ತಿಕೊಂಡು ಹೋದಳು.

ಬಲಮಗ್ಗಲಿಗೆ ಬೇರೆಯವರಿಂದ ಬಣ್ಣ ಹೊಡೆಸೋಣ ಎಂದರು ಅಲ್ಲಾಸಾಬರು. "ಇನ್ನೊಬ್ಬರ ಎದಿ ಯಾಕ ಕೆಡಸೂದು ಚಾಚಾ, ಇರ್ಲಿ ಹಂಗ," ಎಂದ ಖಲಂದರ. ಅಷ್ಟರಲ್ಲಿ ವಿರೂಪಾಕ್ಷಮ್ಮ ಹಾಸಿಗೆ ಹಿಡಿದಳೆಂದು ಸುದ್ದಿ ಬಂತು. ಕೊಟ್ಟ ಮಾತು ಕೊಟ್ಟದ್ದೇ. ಒಂದು ಮಗ್ಗಲು ನೀಲಿ, ಒಂದು ಮಗ್ಗಲು ಬೂದು ಬಣ್ಣದ್ದಾಗಿದ್ದ ಆ ಗಾಡಿ ತಾವರಗೇರಾಕ್ಕೆ ಹೊರಟಿತು. ಹಿಂದಿನ ಸೀಟು ತನ್ನ ಕೈಕೆಲಸ, ಅದನ್ನು ತಾನೇ ಪರೀಕ್ಷೆ ಮಾಡಬೇಕೆಂದು ಅಲ್ಲಾಸಾಬರು ಹಿಂದೆ ಕೂತರು. ಜಾಸ್ಮೀನಳಿಗೆ ಮುಂದಿನ ಸೀಟೇ ಉಳಿಯಿತು.

ಮುದುಕಿಯನ್ನು ಇಬ್ಬರು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವಳು ಮೆರೂನ್ ಸೀಟು ಸವರಿದಳು, ಬಾಗಿಲು ಸವರಿದಳು.

"ಆ ಮಗ್ಗಲು ಯಾಕೋ ತಮ್ಮಾ ಬೂದಿ ಬಡಕೊಂಡೈತಿ?"

"ಉಸುರು ಸಾಲಲಿಲ್ರಿ ಅಮ್ಮಾರ."

ವಿರೂಪಾಕ್ಷಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ಹಂಗಾರ ಅಂಗಡಿ ಸಾಲು ಎಡಕ್ಕ ಬರೂಹಂಗ ಹೊಡಿ. ನೋಡಾವ್ರು ನೀಲೀನ ನೋಡ್ಲಿ," ಎಂದಳು. ಊರು ಸುತ್ತಿ ಬರುವಷ್ಟರಲ್ಲಿ ಮುದುಕಿಯ ಮುಖದಲ್ಲಿ ಎಂದಿನದೋ ನಾಚಿಕೆ ಬಂದು ಕೂತಿತ್ತು. ಇಳಿಯುವಾಗ ಜಾಸ್ಮೀನಳ ಕೆನ್ನೆ ಮುಟ್ಟಿದಳು. "ನಾನೂ ಇಲ್ಲೇ ಕುಂತು ಬಂದಿದ್ದೆ ನನ್ನವ್ವಾ, ನೀ ಕುಂತಲ್ಲೇ."

ವಾಪಸು ಬರುವಾಗ ಅಲ್ಲಾಸಾಬರ ಗೊರಕೆ ಮಾತ್ರ ಕೇಳುತ್ತಿತ್ತು. ಏರು ಬಂದಾಗ ಖಲಂದರನ ಉಸಿರೂ ಎಂಜಿನ್ನಿನ ಉಸಿರೂ ಒಟ್ಟಿಗೆ ಏದುತ್ತಿದ್ದವು. ಗಂಗಾವತಿಯ ಹೊರಗೆ ಕ್ರಾಸು ಕಂಡಿತು. ನೇರ ಹೋದರೆ ಅಲ್ಲಾಸಾಬರ ಓಣಿ. ಬಲಕ್ಕೆ ಹೊರಳಿದರೆ ಖಲಂದರನ ಮನೆ.

"ನಿಮ್ಮನ್ನ ಮನಿಗೆ ಬಿಟ್ಟು ಹೋಗ್ತೀನಿ," ಎಂದ ಅವನು. "ಕುಷ್ಟಗಿಯವ್ರು ನಾಳಿಗೆ ಬರ್ತಾರಂತ, ಹೌದಿಲ್ಲ?"

ಜಾಸ್ಮೀನ ಕೈ ಮುಂದೆ ಮಾಡಿ ಗುಂಡಿ ಒತ್ತಿದಳು.

ಟಕ್ಕೆಂದು ಗಾಡಿಯ ಬಲಗೈ ಹೊರಗೆ ಚಾಚಿತು. ಕಿತ್ತಳೆ ದೀಪ ಹೊತ್ತಿತು.

"ಏ, ಏನ್ ಮಾಡಿದಿ? ಒಳಗ ತಗಿ."

"ತಗ್ಯಾಂಗಿಲ್ಲ."

"ಜಾಸ್ಮೀನ, ಹುಚ್ಚಿ ಆಗಬ್ಯಾಡ. ಎಷ್ಟು ದಿನದ ಮಾತೈತಿ ಇದು? ಅಳೂದೊಂದ ಉಳೀತೈತಿ ನಿನಗ."

"ಉಳೀಲಿ. ಕುಷ್ಟಗಿಗೆ ಹೋದ್ರ ಅಳಂಗಿಲ್ಲೇನು? ಅಲ್ಲಿ ಕದ್ದು ಅಳ್ಬೇಕು. ಇಲ್ಲಿ ನಿನ್ನ ಮುಂದ ಕುಂತು ಅಳ್ತೀನಿ." ಗುಂಡಿಯ ಮೇಲಿನ ಬೆರಳನ್ನು ಅವಳು ತೆಗೆಯಲಿಲ್ಲ. "ನನಗ ನೀ ಬೇಕು. ಇದ್ದಷ್ಟು ದಿನ ಬೇಕು."

ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ಹಿಂದಿನ ಭತ್ತದ ಲಾರಿ ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ಖಲಂದರ ಕನ್ನಡಿಯಲ್ಲಿ ನೋಡಿದ. ಅಲ್ಲಾಸಾಬರು ಎದ್ದು ಕುಳಿತಿದ್ದರು. ಗೊರಕೆ ನಿಂತು ಎಷ್ಟು ಹೊತ್ತಾಗಿತ್ತೋ. ಅವರ ಗಡ್ಡ ಒದ್ದೆಯಾಗಿತ್ತು.

"ಚಾಚಾ, ನೀವರ ಹೇಳ್ರಿ ಆಕಿಗೆ."

ಅಲ್ಲಾಸಾಬರು ಹೊರಗೆ ಚಾಚಿದ ಆ ಪುಟ್ಟ ಕೈಯನ್ನೇ ನೋಡಿದರು.

"ಕಾಯ್ದೆ ನೀನ ಹೇಳಿದ್ದಲ್ಲೋ," ಎಂದರು. "ಕೈ ಚಾಚಿದ ಮ್ಯಾಲ ತಿರುಗಲೇಬೇಕು. ತಿರುಗಸು."

ಖಲಂದರ ತಿರುಗಿಸಿದ.

ಹಜರತಬೀಗೆ ವಿಷಯ ಹೇಳಿದವರು ಅಲ್ಲಾಸಾಬರೇ. ಅವಳು ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಸಂಬಂಧ ಗಟ್ಟಿಯಾದರೆ ಬಾಯಿ ಸಿಹಿ ಮಾಡಬೇಕು. ಸಕ್ಕರೆ ಡಬ್ಬಿ ಖಾಲಿಯಿತ್ತು. ಅವಳು ತಟ್ಟೆಯಲ್ಲಿ ತಂದದ್ದು ಬೆಲ್ಲದ ತುಂಡು.

ಜಾಸ್ಮೀನ ತಟ್ಟೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಕೊಡು," ಎಂದ ಖಲಂದರ ಮೆಲ್ಲಗೆ. "ಔಷಧ ಅಂತ ಅಲ್ಲ. ಸಿಹಿ ಅಂತ."

ಅವಳು ತುಂಡು ಮುರಿದಳು. ಅವನು ಶೆಡ್ಡಿನಲ್ಲಿ ತೆರೆಯುತ್ತಿದ್ದ ಹಾಗೆಯೇ ಬಾಯಿ ತೆರೆದ.