ಮೂರನೆಯ ಫೋಟೋ

"ನಾಕು ತಿಂಗಳದಾಗ ಮೂರನೇ ಸಲ ಬಂದೀರಿ, ಮಾಸ್ತರ್ರೆ. ಮಾರಿ ಏನರ ಬದಲಾಗೇತೇನು?"

ಕ್ಯಾಮೆರಾದ ಕರಿಬಟ್ಟೆಯೊಳಗಿಂದ ಬಂದ ಯಮನೂರಮ್ಮನ ದನಿ ಹುಳಿ ಹಿಂಡಿದಂತಿತ್ತು. ಎದುರು ಕುರ್ಚಿಯಲ್ಲಿ ಮಸ್ಕಿಯ ಸಾಲಿ ಮಾಸ್ತರ ಅಮರಗುಂಡಪ್ಪ ಕೈಗಡಿಯಾರ ಕಾಣುವಂತೆ ಕೋಟಿನ ತೋಳು ಮೇಲೆಳೆದುಕೊಂಡ.

ಈ ಗಂಡಸರೆಲ್ಲ ಇಷ್ಟೇ. ಎರವಲು ಕೋಟು, ಎರವಲು ಗಡಿಯಾರ, ಮೀಸೆಯೊಂದೇ ಸ್ವಂತದ್ದು. ಗಂಡ ಸತ್ತವಳು ಕ್ಯಾಮೆರಾ ಮುಟ್ಟಬಾರದೆಂದು ಲಿಂಗಸುಗೂರಿನ ಕಟ್ಟೆಯ ಮೇಲೆ ಕೂತು ಹೇಳಿದವರೂ ಇವರೇ, ತಮ್ಮ ಮನೆಯ ಪರದೆಯ ಹೆಂಗಸರ ಫೋಟೋ ಬೇಕಾದಾಗ ಅವಳ ಹಿತ್ತಲಿಗೆ ಬಂಡಿ ಕಳಿಸುವವರೂ ಇವರೇ. ಜಹಗೀರದಾರರ ಮನೆಯ ಅಖ್ತರಬೇಗಂ ಮುಸುಕು ಸರಿಸುತ್ತಿದ್ದುದು ಯಮನೂರಮ್ಮನೊಬ್ಬಳ ಕ್ಯಾಮೆರಾದ ಮುಂದೆ.

ನಾಲ್ಕು ವರ್ಷದ ಮಗಳು ಅಮರಮ್ಮ ತಾಯಿಯ ಸೆರಗು ಹಿಡಿದು ಕರಿಬಟ್ಟೆಯೊಳಗೇ ನಿಂತಿದ್ದಳು. ಏಳರ ಮಗ ಆದೆಪ್ಪ, ಚಿತ್ರ ಮೂಡಲೆಂದು ಅಂಗಳದ ಬಿಸಿಲಿಗಿಟ್ಟ ಫೋಟೋ ಚೌಕಟ್ಟುಗಳನ್ನು ಕೋಳಿ ಕೆದರದಂತೆ ಕಾಯುತ್ತಿದ್ದ.

"ಉಸಿರು ಹಿಡೀರಿ. ಅಳ್ಳಾಡಬ್ಯಾಡ್ರಿ. ಒಂದು, ಎರಡು..."

"ನನಗ ಫೋಟೋ ಬ್ಯಾಡ್ರಿ," ಅಂದುಬಿಟ್ಟ.

ಬಾಯಿ ಅಲುಗಿ ಕ್ಯಾಮೆರಾದೊಳಗಿನ ಗಾಜಿನ ಪ್ಲೇಟು ಹಾಳಾಯಿತು. ಅವಳು ಬಟ್ಟೆ ಸರಿಸಿ ಹೊರಬಂದಳು. ಕೆದರಿದ ಕೂದಲು, ಹಣೆಯಲ್ಲಿ ಬೆವರು, ಕಣ್ಣಲ್ಲಿ ಕೆಂಡ. ಆ ನೋಟಕ್ಕೆಂದೇ ಅವನು ಮಸ್ಕಿಯಿಂದ ಬರುತ್ತಾನೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಮತ್ತೇನು ಬೇಕ್ರಿ?"

"ಉಡಿಕಿ ಮಾಡ್ಕೋಬೇಕಂತ... ಪಂಚರ ಕೂಡ ಮಾತಾಡೀನಿ."

ಗಂಡ ಸತ್ತವಳು ಉಡಿಕಿಯಾಗಿ ಇನ್ನೊಬ್ಬನ ಮನೆ ಸೇರಬಹುದಿತ್ತು. ಆದರೆ ಹೆತ್ತ ಮಕ್ಕಳು ಸತ್ತ ಗಂಡನ ಮನೆಯವರ ಪಾಲು. ಅವರ ಪಂಗಡದ ಕಟ್ಟಳೆ ಅದು.

"ನನ್ನ ಕೂಡ ಮಾತಾಡೂಕಿಂತ ಮೊದಲಽ?"

"ನಿಮ್ಮ ಮೈದುನ ಮುದುಕಪ್ಪನ್ನ ಒಪ್ಪಿಸೀನಿ. ಹುಡುಗಿ ನಮ್ಮ ಕೂಡ ಬರ್ತಾಳ. ಹುಡುಗ ಒಬ್ಬ ಅವರ ಕಡೆ..." ಗೆದ್ದು ಬಂದವನ ಹಾಗೆ ನಕ್ಕ.

ಅವಳೂ ನಕ್ಕಳು. "ಆಡಿನ ಮರಿ ಪಾಲು ಹಚ್ಚಿದಂಗ ಹಚ್ಚಿ ಬಂದೀರಲ್ಲ! ಒಂದು ನಿಮಗ, ಒಂದು ಅವರಿಗೆ. ಕ್ಯಾಮೆರಾ ಯಾರಿಗ್ರಿ? ಮಂದಿ ಮಕ್ಕಳಿಗೆ ಸಾಲಿ ಕಲಸ್ತೀರಿ, ನಾಚಿಕಿ ಬರೂದಿಲ್ಲ?"

ಆದೆಪ್ಪ ಕೇಳಿಸಿಕೊಂಡಿದ್ದ. "ಅವ್ವಾ, ನಾ ಕಾಕಾನ ಮನಿಗೆ ಹೋಗಬೇಕೇನು?"

"ಯಾರ ಮನಿಗೂ ಇಲ್ಲ. ನೀ ಕೋಳಿ ನೋಡು."

ಅಮರಗುಂಡಪ್ಪನ ಮುಖ ಸಣ್ಣದಾಯಿತು. "ತಪ್ಪಾತು. ಹೋಗಿ ತಿದ್ದಿ ಬರ್ತೀನಿ."

"ಏನ್ ತಿದ್ದತೀರಿ? ಪಾಟಿ ಮ್ಯಾಲಿನ ಅಕ್ಷರ ಏನ್ರಿ ಇದು?"

ಅವನು ಹೋದ. ಬರುವುದಿಲ್ಲವೆಂದು ಅವಳಿಗೆ ಖಾತ್ರಿ. ಆದರೂ ಎಂಟು ದಿನ ಬಂಡಿಯ ಸದ್ದಾದಾಗೆಲ್ಲ ಬಾಗಿಲಿಗೆ ಹೋದಳು. ಹೋಗಿ ತನ್ನನ್ನೇ ಬೈದುಕೊಂಡಳು. 'ಏನ್ ಚಟ ಇದು ನಿಂದು, ಎರಡು ಮಕ್ಕಳ ತಾಯಿ!'

ಒಂಬತ್ತನೆಯ ದಿನ ಧೂಳುಗಾಲಲ್ಲಿ ಬಂದು ನಿಂತ.

"ಎರಡೂ ಮಕ್ಕಳು ತಾಯಿ ಕೂಡ ಬರಬೇಕು, ಆಕಿ ಕೆಲಸ ಆಕಿ ಬಿಡೂದಿಲ್ಲ ಅಂದೆ. ಪಂಚರು ಬಿದ್ದು ಬಿದ್ದು ನಕ್ರು. 'ನಿನಗ ಹೇಣ್ತಿ ಬೇಕೋ, ಯಜಮಾನ್ತಿ ಬೇಕೋ?' ಅಂದ್ರು."

"ನೀವೇನಂದ್ರಿ?"

"ಯಜಮಾನ್ತಿನಽ ಬೇಕು ಅಂದೆ."

ಅವಳ ತುಟಿಯಂಚು ಅದುರಿತು. ನಗೆಯನ್ನು ಕಚ್ಚಿ ಹಿಡಿದಳು.

"ಮೈದುನ?"

"ಈ ಮನಿ ಬಿಟ್ಟುಕೊಟ್ರ ಇಬ್ಬರ್ನೂ ಕರಕೊಂಡು ಹೋಗಲಿ ಅಂದ. ಕಾಗದಕ್ಕ ಹೆಬ್ಬಟ್ಟು ಒತ್ತಬೇಕಂತ."

"ನೋಡ್ರಿ! ಮೂರು ವರ್ಷ ವಂಶ ವಂಶ ಅಂತ ಬಾಯಿ ಬಡಕೊಂಡ. ನಾಕು ಗ್ವಾಡಿ ಕಂಡ ಕೂಡ್ಲೆ ವಂಶ ಮರತ. ಹೆಬ್ಬಟ್ಟು ಒತ್ತೂದು ಅವನ ಹಣೇಬರಹ. ನಾ ಸಹಿ ಹಾಕ್ತೀನಿ."

ಅಂದವಳು ಸ್ವಲ್ಪ ಹೊತ್ತು ಗೋಡೆಗಳನ್ನು ನೋಡಿದಳು. ಆಮೇಲೆ ಅವನ ಕಡೆ ತಿರುಗದೆಯೇ ಕೇಳಿದಳು:

"ಮಸ್ಕ್ಯಾಗ ನಿಮ್ಮ ಮನಿಗೆ ಉತ್ತರಕ್ಕ ಕಿಡಿಕಿ ಐತೇನ್ರಿ?"

"ಕಿಡಿಕಿ? ಯಾಕ್ರಿ?"

"ಫೋಟೋಕ್ಕ ಆ ಕಡಿ ಬೆಳಕು ಬೇಕು. ನೆಟ್ಟಗ ಬಿಸಲು ಬಿದ್ರ ಮಾರಿ ಸುಟ್ಟಂಗ ಬರ್ತಾವ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಕಿವಿಯವರೆಗೆ ಕೆಂಪಾದ.

"ಇಲ್ರಿ. ನಾಳೇನಽ ಗ್ವಾಡಿ ಒಡಸ್ತೀನಿ."

"ನಿಮ್ಮನ್ನ ನಂಬಿದ್ರ ದಕ್ಷಿಣದ ಗ್ವಾಡಿ ಒಡಸ್ತೀರಿ," ಅಂದಳು ಯಮನೂರಮ್ಮ. "ಸುಮ್ನಿರ್ರಿ. ನಾನಽ ಬಂದು ತೋರಸ್ತೀನಿ."